ಕೊಡಗಲ್ಲಿ ಕಲಾ ಮ್ಯೂಸಿಯಂ ನಡೆಸೋದು ಹೇಗೆ: ಹೊಸದಾಗಿ ಡೈರೆಕ್ಟರ್ ಆಗಿ ಬರೋರಿಗೆ

ಕೊಡಗಿನ ಕಲಾ ಮ್ಯೂಸಿಯಂಗೆ ಡೈರೆಕ್ಟರ್ ಆಗಿ ಬರ್ತಿದೀರ ಅಂದ್ರೆ ಮೊದಲು ಒಂದು ವಿಷಯ ಗಟ್ಟಿ ಮಾಡ್ಕೊಳ್ಳಿ, ಇಲ್ಲಿ ಒಳ್ಳೆ ವಸ್ತು ಯಾವುದೂ ವಾರಸುದಾರರಿಲ್ಲದೆ ಬಿದ್ದಿಲ್ಲ. ಒಡಿಕತ್ತಿ (ಅಗಲದ ಬಾಗಿದ ಕತ್ತಿ), ಪೀಚೆಕತ್ತಿ (ಸೊಂಟಕ್ಕೆ ಸಿಕ್ಕಿಸೋ ಬಾಕು), ತೂಗುದೀಪ, ಚೇಲೆ (ಸೊಂಟಕ್ಕೆ ಸುತ್ತೋ ರೇಷ್ಮೆ ಪಟ್ಟಿ), ಜೋಮಾಲೆ (ಚಿನ್ನದ ಮಣಿ ಸರ), ದುಡಿ (ಪುಟ್ಟ ಚರ್ಮವಾದ್ಯ) ಇವೆಲ್ಲ ಐನ್‌ಮನೆಗಳಲ್ಲಿ, ಅಂದ್ರೆ ಮನೆತನದ ಮೂಲಮನೆಗಳಲ್ಲಿ, ಇವತ್ತಿಗೂ ಬಳಕೆಲಿ ಉಂಟು, ಬುಡಕಟ್ಟು ಜನರ ಹಾಡಿಗಳಲ್ಲಿ ಬಿದಿರಿನ ಬುಟ್ಟಿ ಇವತ್ತಿಗೂ ಹೆಣೀತಾರೆ, ಮದುವೆಗೆ ಕುಪ್ಯ (ಗಂಡಸರ ಉದ್ದನೆ ಅಂಗಿ) ಇವತ್ತಿಗೂ ಪೆಟ್ಟಿಗೆಯಿಂದ ಹೊರಗೆ ಬರತ್ತೆ. ಹಾಗಾಗಿ ನೀವು ಯಾವ ಮನೆಗೆ ಹೋದ್ರೂ ಕಾಫಿ ಕೊಟ್ಟು ಕೂರಿಸಿ ಕೇಳೋ ಪ್ರಶ್ನೆ ಒಂದೇ, "ಕೊಟ್ರೆ ವಾಪಸ್ ಬರತ್ತಾ?" ಅಂತ. ಈ ಪ್ರಶ್ನೆಗೆ ಬರತ್ತೆ ಅಂತ ನೀವು ಎದೆ ಮೇಲೆ ಕೈ ಇಟ್ಟು ಹೇಳೋ ಹಾಗೆ ಸಂಸ್ಥೆ ಕಟ್ಟೋದೇ ಡೈರೆಕ್ಟರ್ ಕೆಲಸ, ಬಜೆಟ್ಟು ಬೋರ್ಡ್ ಮೀಟಿಂಗು ಉದ್ಘಾಟನೆ ಎಲ್ಲ ಅದಾದ್ಮೇಲೆ.

ಸೇರಿದ ಮೊದಲ ತಿಂಗಳು ಭಾಷಣ ಯಾವುದೂ ಒಪ್ಕೊಳ್ಬೇಡಿ, ರಿಜಿಸ್ಟರ್ ತಗೊಂಡು ಸ್ಟೋರ್ ರೂಮಿಗೆ ಹೋಗಿ. ಪ್ರತಿ ವಸ್ತುಗೂ ಒಂದು ನಂಬರ್ ಇದೆಯಾ, ನಂಬರ್ ಇದ್ದ ವಸ್ತು ಶೆಲ್ಫಲ್ಲಿ ಇದೆಯಾ, ಶೆಲ್ಫಲ್ಲಿ ಇದ್ದದ್ದಕ್ಕೆ ಕಾಗದ ಇದೆಯಾ, ಈ ಮೂರೂ ತಾಳೆ ನೋಡ್ಬೇಕು. ನಂಬರ್ ಹಾಕೋ ಕ್ರಮ ಸುಲಭದ್ದು ಇಟ್ಕೊಳ್ಳಿ, ಬಂದ ವರ್ಷ, ಆ ವರ್ಷ ಎಷ್ಟನೇ ದಾನ, ಆ ದಾನದಲ್ಲಿ ಎಷ್ಟನೇ ವಸ್ತು, ಅಂದ್ರೆ 2025.14.3 ಅನ್ನೋ ಥರ. ರಿಜಿಸ್ಟರ್ ಗಟ್ಟಿ ಬೈಂಡಿಂದು ಇರ್ಲಿ, ಪುಟಕ್ಕೆ ನಂಬರ್ ಇರ್ಲಿ, ವೈಟ್ನರ್ ಬೇಡ, ತಪ್ಪಾದ್ರೆ ಒಂದು ಗೆರೆ ಎಳೆದು ಸಹಿ ಹಾಕಿ. ಕಂಪ್ಯೂಟರಲ್ಲೂ ಹಾಕಿ, ಅದಕ್ಕೆ ನಮ್ಮ ದೇಶದ ಮ್ಯೂಸಿಯಂಗಳಿಗೆ ಅಂತಲೇ ಸರ್ಕಾರಿ ಕಂಪ್ಯೂಟರ್ ಸಂಸ್ಥೆ ಸಿ-ಡ್ಯಾಕ್‌ನವರು ಮಾಡಿರೋ ಜತನ್ ಸಾಫ್ಟ್‌ವೇರ್ ಉಂಟು, ಆದ್ರೆ ಪುಸ್ತಕ ಬಿಡ್ಬೇಡಿ, ಜೂನಲ್ಲಿ ಮರ ಲೈನ್ ಮೇಲೆ ಬಿದ್ದು ದಿನಗಟ್ಲೆ ಕರೆಂಟ್ ಇಲ್ಲದಾಗ ಪುಸ್ತಕ ಮಾತ್ರ ತೆರೆಯತ್ತೆ. ಕಾಗದ ಇಲ್ಲದ ವಸ್ತು ಸಿಕ್ರೆ, ಸಿಗ್ತಾವೆ, ಹಳೇದೊಂದು ದೀಪ ಯಾರು ತಂದಿಟ್ರು ಅಂತ ಯಾರಿಗೂ ಗೊತ್ತಿರಲ್ಲ, ಅದನ್ನ ಬೇರೆ ಪಟ್ಟಿ ಮಾಡಿ ಫೋಟೋ ಸಮೇತ ಬೋರ್ಡ್ ಮುಂದೆ ಇಡಿ. ಮುಚ್ಚಿಡಬೇಡಿ.

ವಸ್ತು ತಗೊಳ್ಳೋವಾಗ ದಾನವಾ ಸಾಲವಾ ಅನ್ನೋದು ಅವತ್ತೇ ತೀರ್ಮಾನ ಆಗ್ಬೇಕು. "ಇಟ್ಕೊಂಡಿರಿ, ಆಮೇಲೆ ನೋಡೋಣ" ಅಂತ ಪ್ರೀತಿಯಿಂದ ಕೊಟ್ಟದ್ದೇ ಮುಂದಿನ ತಲೆಮಾರಲ್ಲಿ ಜಗಳಕ್ಕೆ ಬರೋದು, ಯಾಕಂದ್ರೆ ಐನ್‌ಮನೆ ವಸ್ತು ಒಬ್ರದ್ದಲ್ಲ, ಇಡೀ ಒಕ್ಕದ್ದು, ಅಂದ್ರೆ ಆ ಮನೆತನದ ಎಲ್ಲರದ್ದು. ಒಕ್ಕದ ಯಜಮಾನರಾದ ಪಟ್ಟೇದಾರರು ಸಹಿ ಹಾಕಿದ್ರೆ ಸಾಕು ಅಂದ್ಕೊಳ್ಬೇಡಿ, ಒಕ್ಕದ ಸಭೆಲಿ ಮಾತಾಡಿ, ಬೆಂಗಳೂರಲ್ಲಿ ಇರೋರಿಗೂ ಫೋನ್ ಮಾಡಿಸಿ, ಹೆಣ್ಮಕ್ಕಳನ್ನೂ ಕೂರಿಸಿಕೊಂಡು ಕೇಳಿ, ಆಮೇಲೆ ಕಾಗದ ಮಾಡಿ. ನನ್ನ ಅಭಿಪ್ರಾಯ ಕೇಳಿದ್ರೆ ಕೊಡಗಲ್ಲಿ ದಾನಕ್ಕಿಂತ ದೀರ್ಘಾವಧಿ ಸಾಲವೇ ಒಳ್ಳೇದು, 5 ವರ್ಷಕ್ಕೆ ಅಂತ ಬರೆದು ಮತ್ತೆ ರಿನ್ಯೂ ಮಾಡೋದು. ಮ್ಯೂಸಿಯಂ ದೊಡ್ಡದಾಗೋದು ನಿಧಾನ ಆಗತ್ತೆ ನಿಜ, ಆದ್ರೆ ಕೊಟ್ಟವರು ತಿರುಗಿ ಬರ್ತಾರೆ, ಪಕ್ಕದ ಮನೆಯವರನ್ನೂ ಕರ್ಕೊಂಡು ಬರ್ತಾರೆ.

ಸಾಲದ ಕಾಗದದಲ್ಲಿ ಒಂದು ಸಾಲು ತಪ್ಪದೆ ಇರ್ಲಿ, ಹಬ್ಬಕ್ಕೆ ವಸ್ತು ಮನೆಗೆ ಹೋಗಿ ಬರತ್ತೆ ಅಂತ. ಸೆಪ್ಟೆಂಬರಲ್ಲಿ ಕೈಲ್ ಪೊಳ್ದ್‌ಗೆ ಆಯುಧ ಎಲ್ಲ ಐನ್‌ಮನೆ ನಡುಕೋಣೆ ನೆಲ್ಲಕ್ಕಿ ನಡುಬಾಡೆಲಿ ಇಟ್ಟು ತೋಕ್ ಪೂ (ಕೋವಿ ಹೂವು) ಏರಿಸಿ ಪೂಜೆ ಮಾಡೋದು, ಆ ದಿನ ಆ ಮನೆ ಒಡಿಕತ್ತಿ ನಿಮ್ಮ ಗಾಜಿನ ಪೆಟ್ಟಿಗೆಲಿ ಇದ್ರೆ ಆ ಮನೆಯವರಿಗೆ ಹೇಗಾಗ್ಬೇಡ. ಅದಕ್ಕೆ ಕ್ರಮ ಹೀಗೆ ಇಟ್ಕೊಳ್ಳಿ: ಹಬ್ಬಕ್ಕೆ ನಾಲ್ಕೈದು ದಿನ ಮುಂಚೆ ವಸ್ತು ಹೊರಗೆ ತೆಗೆದು ಹಗಲು ಬೆಳಕಲ್ಲಿ ಎಲ್ಲ ಮಗ್ಗುಲಿಂದ ಫೋಟೋ, ಎಲ್ಲಿ ತುಕ್ಕು, ಎಲ್ಲಿ ಬಿರುಕು, ಹಿಡಿ ಅಲ್ಲಾಡತ್ತಾ, ಎಲ್ಲ ಒಂದು ಶೀಟಲ್ಲಿ ಬರೆದು ಮನೆಯವರ ಸಹಿ. ಆಗ ಇನ್ನೂ ಮಳೆ ಬಿಟ್ಟಿರಲ್ಲ, ಹಾಗಾಗಿ ಒಳಗೆ ಫೋಮ್ ಹಾಕಿದ ಮುಚ್ಚಳದ ಪ್ಲಾಸ್ಟಿಕ್ ಬಾಕ್ಸ್, ಜೊತೆಗೆ ಸಿಲಿಕಾ ಜೆಲ್, ಮ್ಯೂಸಿಯಂನ ಒಬ್ರು ಜೀಪಲ್ಲಿ ಜೊತೆಲೇ ಹೋಗ್ಬೇಕು. ವಾಪಸ್ ಬಂದಾಗ ಕತ್ತಿ ಮೇಲೆ ಗಂಧ, ಹೂವಿನ ಎಸಳು, ಕೆಲವು ಸಲ ಎಣ್ಣೆ ಇರತ್ತೆ. ನೀರು ಹಾಕಿ ಒರೆಸೋಕೆ ಹೋಗ್ಬೇಡಿ. ಎರಡು ವಾರ ಬೇರೆ ಕೋಣೆಲಿ ಇಟ್ಟು ಹುಳ ಬೂಷ್ಟು ಇಲ್ಲ ಅಂತ ನೋಡಿ, ಒಣಗಿದ ಗಂಧನ ಮೆತ್ತಗಿನ ಬ್ರಶ್ಶಲ್ಲಿ ತೆಗೆದು, ಹಳೆ ಶೀಟ್ ಪಕ್ಕ ಇಟ್ಟು ಹೊಸ ಶೀಟ್ ಬರೆದು ಆಮೇಲೆ ಒಳಗೆ. ಕೆಲವು ಕ್ಯುರೇಟರ್‌ಗಳಿಗೆ ಇದು ಇಷ್ಟ ಆಗಲ್ಲ, ವಸ್ತು ಸವೆಯತ್ತೆ ಅಂತಾರೆ. ಸ್ವಲ್ಪ ಸವೆಯತ್ತೆ, ಒಪ್ತೀನಿ. ಪೂಜೆಗೆ ಹೋಗದ ಒಡಿಕತ್ತಿಗಿಂತ ಪೂಜೆಗೆ ಹೋಗಿ ಸ್ವಲ್ಪ ಸವೆದ ಒಡಿಕತ್ತಿ ಮ್ಯೂಸಿಯಂಗೆ ದೊಡ್ಡದು ಅಂತಲೇ ನನ್ನ ನಂಬಿಕೆ.

ತಗೊಳ್ಳಲೇಬಾರದ ವಸ್ತುಗಳೂ ಉಂಟು. ಕೊಡಗಲ್ಲಿ ಸಾವಿರಕ್ಕೂ ಮಿಕ್ಕಿ ದೇವರಕಾಡು ಇದಾವೆ, ಅಯ್ಯಪ್ಪನ ಬನಗಳಲ್ಲಿ ಹರಕೆಗೆ ಒಪ್ಪಿಸಿದ ಮಣ್ಣಿನ ನಾಯಿಗಳು ಸಾಲಾಗಿ ಕೂತಿರ್ತಾವೆ, ಮಳೆಗೆ ಪಾಚಿ ಹಿಡಿದು ಕಿವಿ ಮುರಿದು ಮಣ್ಣಿಗೆ ಮಣ್ಣಾಗ್ತಾ. ನೋಡಿದ್ರೆ ಯಾವ ಕಲಾವಿದನಿಗೂ ಕೈ ಮುಗಿಯೋಣ ಅನ್ಸತ್ತೆ, ಆದ್ರೆ ಅದು ದೇವರಿಗೆ ಕೊಟ್ಟಾಯ್ತು, ಅಲ್ಲೇ ಕರಗ್ಬೇಕು, ಒಂದು ಚೂರೂ ಎತ್ಕೊಂಡು ಬರೋ ಹಾಗಿಲ್ಲ. ದೇವಸ್ಥಾನದ ಮುಖ್ಯಸ್ಥರಾದ ದೇವತಕ್ಕರ ಒಪ್ಪಿಗೆ ಇದ್ರೆ ಫೋಟೋ ತೆಗೀರಿ, ಇಲ್ಲಾಂದ್ರೆ ಅದೂ ಬೇಡ, ಕುಂಬಾರರಿಗೆ ದುಡ್ಡು ಕೊಟ್ಟು ಮ್ಯೂಸಿಯಂಗೆ ಅಂತಲೇ ಹೊಸದು ಮಾಡಿಸಿ, ಮಾಡೋದನ್ನ ವಿಡಿಯೋ ಮಾಡಿ, ಮಾಡಿದವರ ಹೆಸರು ದಪ್ಪಕ್ಷರದಲ್ಲಿ ಹಾಕಿ. ದೈವದ ವೇಷ ಹಾಕಿ ತೆರೆ ಕಟ್ಟೋರ ಉಡುಗೆ ತೊಡುಗೆ ವಿಷಯಕ್ಕೂ ಇದೇ ಮಾತು, ಇನ್ನೂ ಕಟ್ತಾ ಇದ್ರೆ ಅದು ಅವರ ಹತ್ರವೇ ಇರ್ಲಿ.

ಕಾನೂನು ಸ್ವಲ್ಪ ಓದ್ಕೊಳ್ಳಿ, ಇಲ್ಲಿ ಬೇರೆ ಜಿಲ್ಲೆಗಿಂತ ಜಾಸ್ತಿ ಬೇಕಾಗತ್ತೆ. 1972ರ ಪುರಾತನ ವಸ್ತು ಕಾಯ್ದೆ ಪ್ರಕಾರ 100 ವರ್ಷ ದಾಟಿದ ವಿಗ್ರಹ, ಚಿತ್ರ ಇಂಥವು ಪುರಾತನ ವಸ್ತು, ಹಸ್ತಪ್ರತಿಗೆ 75 ವರ್ಷ, ಸರ್ಕಾರ ಹೆಸರಿಸಿದ ಬಗೆಗಳನ್ನ ನೋಂದಣಿ ಮಾಡಿಸ್ಬೇಕು, ಕೈ ಬದಲಾದ್ರೆ ತಿಳಿಸ್ಬೇಕು. ರಾತ್ರಿ ಹೊತ್ತು ಯಾರಾದ್ರೂ ಗೋಣಿಲಿ ಸುತ್ತಿಕೊಂಡು ಕಂಚಿನ ವಿಗ್ರಹ ತಂದು ರೇಟ್ ಹೇಳಿದ್ರೆ ಮುಟ್ಟಲೂ ಬೇಡಿ. ಅದೇ 1972ರ ವನ್ಯಜೀವಿ ಕಾಯ್ದೆ ಇನ್ನೊಂದು, ಹಳೆ ಪೀಚೆಕತ್ತಿ ಕೆಲವದರ ಹಿಡಿ ದಂತದ್ದು, ಗೋಡೆಲಿ ಕಾಟಿ ಕೊಂಬು, ಸರದಲ್ಲಿ ಹುಲಿಯುಗುರು, ಮಾಲೀಕತ್ವದ ಸರ್ಟಿಫಿಕೇಟ್ ನೋಡದೆ, ಅರಣ್ಯ ಇಲಾಖೆಗೆ ಬರೆದು ಉತ್ತರ ಬಾರದೆ ಒಳಗೆ ತಗೊಂಡ್ರೆ ಕೊಟ್ಟವರಿಗೂ ನಿಮಗೂ ಕಷ್ಟ. ಮೂರನೇದು ಕೋವಿ. ಕೊಡವರಿಗೂ ಜಮ್ಮಾ (ವಂಶಪಾರಂಪರ್ಯ ಜಮೀನು) ಹಿಡುವಳಿದಾರರಿಗೂ ಲೈಸನ್ಸ್ ವಿನಾಯಿತಿ ಉಂಟು, ಆದ್ರೆ ಅದು ಆ ಜನಕ್ಕೆ ಇರೋದು, ನಿಮ್ಮ ಟ್ರಸ್ಟಿಗಲ್ಲ, ಹಾಗಾಗಿ ಕೋವಿ ಪ್ರದರ್ಶನಕ್ಕೆ ಇಡೋ ಮುಂಚೆ ಡಿಸಿ ಕಚೇರಿಲಿ ಬರವಣಿಗೆಲಿ ಕೇಳಿ.

ಈಗ ಮಳೆ. ಕೊಡಗಲ್ಲಿ ಡೈರೆಕ್ಟರ್ ಗೆದ್ದರಾ ಇಲ್ವಾ ಅಂತ ಗೊತ್ತಾಗೋದು ಜೂನಿಂದ ಸೆಪ್ಟೆಂಬರ್ ಒಳಗೆ. ಗಾಳಿಲಿ ತೇವ 65 ಪರ್ಸೆಂಟ್ ದಾಟಿ ಹಾಗೇ ನಿಂತ್ರೆ ಬೂಷ್ಟು ಬರೋಕೆ ಶುರು, ಮಡಿಕೇರಿ ಮಳೆಗಾಲದಲ್ಲಿ ಹೊರಗೆ 90 ದಾಟೋದು ಮಾಮೂಲು. ದೊಡ್ಡ ಹಾಲ್ ಪೂರ್ತಿ ಏಸಿ ಹಾಕಿಸ್ತೀವಿ ಅಂತ ಯಾರಾದ್ರೂ ಪ್ಲಾನ್ ತಂದ್ರೆ ಒಪ್ಬೇಡಿ, ಕರೆಂಟ್ ಹೋದ ಗಂಟೆಲೇ ತೇವ ಏರತ್ತೆ, ಬಂದಾಗ ಇಳಿಯತ್ತೆ, ಹೀಗೆ ಏರಿಳಿದ್ರೆ ಮರ ಬಿರಿಯತ್ತೆ, ಬಣ್ಣ ಉದುರತ್ತೆ, ಒಂದೇ ಮಟ್ಟದಲ್ಲಿ ಇರೋದು ಮುಖ್ಯ. ಅದರ ಬದಲು ದುಡ್ಡನ್ನ ಸೂರಿಗೆ ಹಾಕಿ. ಹೆಂಚು, ದೋಣಿ, ನೀರಿಳಿಯೋ ಪೈಪ್, ಗೋಡೆ ಸುತ್ತ ಚರಂಡಿ, ಇದನ್ನ ಮಾರ್ಚ್ ಏಪ್ರಿಲಲ್ಲೇ ಮುಗಿಸಿ, ಮೇ ಕೊನೆಲಿ ಕೆಲಸದವರು ಸಿಗಲ್ಲ. ಗಾಳಿ ಆಡದ ಹಾಗೆ ರಬ್ಬರ್ ಬೀಡಿಂಗ್ ಹಾಕಿದ ಶೋಕೇಸ್ ಮಾಡಿಸಿ, ತಳದಲ್ಲಿ ಸಿಲಿಕಾ ಜೆಲ್ ಟ್ರೇ, ಆಗ ಕರೆಂಟ್ ಹೋದ್ರೂ ಒಳಗಿನ ಗಾಳಿ ದಿನಗಟ್ಲೆ ಹಾಗೇ ಇರತ್ತೆ. ಸ್ಟೋರಿಗೆ ಒಂದೆರಡು ಡಿಹ್ಯುಮಿಡಿಫೈಯರ್ ಸಾಕು, ಅದರ ನೀರು ಪೈಪಲ್ಲಿ ಹೊರಗೆ ಹೋಗೋ ಹಾಗೆ ಮಾಡಿ, ಟ್ಯಾಂಕ್ ತುಂಬಿ ಮಷಿನ್ ನಿಂತದ್ದು ಭಾನುವಾರ ಯಾರಿಗೂ ಗೊತ್ತಾಗಲ್ಲ. ಕಪಾಟು ಹೊರಗೋಡೆಗೆ ಅಂಟಿಸಿ ಇಡ್ಬೇಡಿ, ಚಿತ್ರದ ಫ್ರೇಮ್ ಹಿಂದೆ ನಾಲ್ಕು ಮೂಲೆಗೆ ಬೆಣೆ ಕೊಟ್ಟು ಗಾಳಿ ಆಡೋಕೆ ಬಿಡಿ, ನೆಲದಿಂದ ಅರ್ಧ ಅಡಿ ಮೇಲೆ ಎಲ್ಲ.

ಬಿದಿರು ಬೆತ್ತದ ವಸ್ತು ಬಗ್ಗೆ ಒಂದು ಮಾತು ಜಾಸ್ತಿ ಹೇಳ್ತೀನಿ, ಯಾಕಂದ್ರೆ ಅದನ್ನೇ ಎಲ್ಲರೂ ಹಾಳು ಮಾಡೋದು. ಹಳೆ ಮನೆಗಳಲ್ಲಿ ಬುಟ್ಟಿ ಮೊರ ಎಲ್ಲ ಒಲೆ ಮೇಲಿನ ಅಟ್ಟದಲ್ಲಿ ಇರೋದು, ವರ್ಷಗಟ್ಲೆ ಹೊಗೆ ತಿಂದು ಕಪ್ಪಾಗಿ ಹೊಳೀತಾ ಇರತ್ತೆ, ಆ ಹೊಗೆಗೇ ಹುಳ ಹತ್ತಿರ ಬರಲ್ಲ. ಮ್ಯೂಸಿಯಂಗೆ ಬಂದ ತಕ್ಷಣ ಯಾರೋ ಸೋಪು ನೀರಲ್ಲಿ ತಿಕ್ಕಿ ಬೆಳ್ಳಗೆ ಮಾಡಿ ವಾರ್ನಿಶ್ ಹೊಡೀತಾರೆ, ಎರಡೇ ಮಳೆಗಾಲದಲ್ಲಿ ಕೆಳಗೆ ಹಿಟ್ಟಿನ ಥರ ಪುಡಿ ಬೀಳೋಕೆ ಶುರು. ಆ ಮಸಿ ಮುಟ್ಟಬೇಡಿ, ಅದೂ ವಸ್ತುವಿನ ಚರಿತ್ರೆ. ಹುಳ ಬಿದ್ದಿದ್ರೆ ಔಷಧಿ ಹೊಡೆಯೋ ಬದಲು ಡೀಪ್ ಫ್ರೀಜರ್ ಉಪಯೋಗಿಸಿ: ವಸ್ತುನ ದಪ್ಪ ಪಾಲಿಥೀನ್ ಕವರಲ್ಲಿ ಹಾಕಿ ಗಾಳಿ ತೆಗೆದು ಸೀಲ್ ಮಾಡಿ, ಮೈನಸ್ 20 ಡಿಗ್ರಿಲಿ ಎರಡು ವಾರ, ಹೊರಗೆ ತೆಗೆದ ಮೇಲೆ ಕವರ್ ಬಿಚ್ಚದೆ ಒಂದು ದಿನ ಪೂರ್ತಿ ಹಾಗೇ ಬಿಡಿ, ಬೆವರೋ ನೀರು ಕವರಿನ ಹೊರಗೇ ಕೂರತ್ತೆ, ವಸ್ತು ಒದ್ದೆ ಆಗಲ್ಲ. ಬಟ್ಟೆಗೂ ಬುಟ್ಟಿಗೂ ಇದು ಚೆನ್ನಾಗಿ ಕೆಲಸ ಮಾಡತ್ತೆ, ತೈಲಚಿತ್ರಕ್ಕೆ ಮಾತ್ರ ಬೇಡ. ಕೈ ಮೀರಿದ್ದು ಇದ್ರೆ ಬೆಂಗಳೂರಿನ ಚಿತ್ರಕಲಾ ಪರಿಷತ್ತಲ್ಲಿ ಪರಂಪರೆ ಉಳಿಸೋ ಸಂಸ್ಥೆ ಇಂಟ್ಯಾಕ್‌ನವರ ಸಂರಕ್ಷಣಾ ಕೇಂದ್ರ ಉಂಟು, ಮೈಸೂರಲ್ಲಿ ಕೇಂದ್ರ ಸರ್ಕಾರದ ಪ್ರಾದೇಶಿಕ ಸಂರಕ್ಷಣಾ ಪ್ರಯೋಗಾಲಯ ಉಂಟು, ಅವರಿಗೆ ಫೋಟೋ ಕಳಿಸಿ ಕೇಳಿ, ಸ್ಥಳೀಯವಾಗಿ ಅಂಟು ಹಚ್ಚೋ ಪ್ರಯೋಗ ಬೇಡ.

ಬೆಳಕು ಸರಳ, ಬಟ್ಟೆಗೆ ಕಾಗದಕ್ಕೆ ಜಲವರ್ಣಕ್ಕೆ 50 ಲಕ್ಸ್ (ಬೆಳಕು ಅಳೆಯೋ ಮಾನ), ತೈಲಚಿತ್ರಕ್ಕೆ 200 ಲಕ್ಸ್, ಮೀಟರ್ ಒಂದು ತಗೊಳ್ಳಿ, ದುಬಾರಿ ಅಲ್ಲ. ಕೆಂಪು ರೇಷ್ಮೆ ಚೇಲೆನ ಮಡಚಿ ಇಟ್ರೆ ಮಡಿಕೆಲೇ ಹರಿಯತ್ತೆ, ತೊಳೆದ ಮಲ್‌ ಬಟ್ಟೆ ಸುತ್ತಿದ ಕೊಳವೆಗೆ ಸುತ್ತಿಡಿ, ವರ್ಷಕ್ಕೆ ನಾಲ್ಕು ತಿಂಗಳಿಗಿಂತ ಹೆಚ್ಚು ಬೆಳಕಿಗೆ ಇಡ್ಬೇಡಿ.

ಲೇಬಲ್ ಬರೆಯೋದು ಕ್ಯುರೇಟರ್ ಕೆಲಸ ಅಂತ ಬಿಟ್ಬಿಡಬೇಡಿ, ಅದು ಡೈರೆಕ್ಟರ್ ಮರ್ಯಾದೆ ಪ್ರಶ್ನೆ. ನಮ್ಮಲ್ಲಿ ಕತ್ತಿ ಕಟ್ಟಿಕೊಂಡ ಮನೆತನದ ಹೆಸರು ಇರತ್ತೆ, ಕಬ್ಬಿಣ ಕಾಯಿಸಿ ತಟ್ಟಿದ ಐರಿ ಹೆಸರು ಇರಲ್ಲ. ಬುಟ್ಟಿ ಯಾವ ಎಸ್ಟೇಟ್ ಬಂಗಲೆಯಿಂದ ಬಂತು ಅಂತ ಇರತ್ತೆ, ಹೆಣೆದ ಮೇದರ ಹೆಸರು ಇರಲ್ಲ, ಯರವರದ್ದು ಕುರುಬರದ್ದು ಆದ್ರಂತೂ "ಬುಡಕಟ್ಟು ಕಲೆ" ಅಂತ ಎರಡೇ ಪದ. ಇದು ನನಗೆ ನಿಜಕ್ಕೂ ನೋವಾಗೋ ವಿಷಯ. ಹಾಡಿಗೆ ಹೋಗಿ ಕೂತು ಕೇಳಿದ್ರೆ ಅಜ್ಜನ ಹೆಸರು ಹೇಳ್ತಾರೆ, ಯಾವ ಬಿದಿರು, ಯಾವ ತಿಂಗಳು ಕಡಿಯೋದು ಅಂತಾನೂ ಹೇಳ್ತಾರೆ, ಅದೆಲ್ಲ ಲೇಬಲಲ್ಲಿ ಬರ್ಬೇಕು. ಹೆಸರು ಸಿಗದೆ ಇದ್ರೆ ಯಾವ ಸಮುದಾಯ, ಯಾವ ಊರು ಅಂತಾದ್ರೂ ಬರೀರಿ. ಭಾಷೆ ಕನ್ನಡ ಇಂಗ್ಲಿಷ್ ಎರಡೂ, ವಸ್ತು ಹೆಸರು ಕೊಡವ ತಕ್ಕ್ ಅಥವಾ ಅರೆಭಾಷೆಲಿ ಆ ಮನೆಯವರು ಹೇಳೋ ಹಾಗೇ, ಎರಡೂ ಭಾಷೆಗೆ ಮಡಿಕೇರಿಲೇ ಅಕಾಡೆಮಿಗಳು ಉಂಟಲ್ಲ, ಪ್ರಿಂಟ್‌ಗೆ ಹೋಗೋ ಮುಂಚೆ ಒಂದ್ಸಲ ತೋರಿಸಿ. ಬಿಳಿ ಕುಪ್ಯ ಮದುಮಗನಿಗೂ ಹಾಕ್ತಾರೆ, ತೀರಿಕೊಂಡವರಿಗೂ ಹಾಕ್ತಾರೆ, ಇದು ಗೊತ್ತಿಲ್ಲದೆ ಗೊಂಬೆಗೆ ತೊಡಿಸಿ ಬಾಗಿಲಲ್ಲಿ ನಿಲ್ಲಿಸಿದ್ರೆ ಬಂದ ಹಿರಿಯರು ಹೊಸ್ತಿಲಿಂದಲೇ ತಿರುಗಿ ಹೋಗ್ತಾರೆ.

ಕಲೆ ಅಂದ್ರೆ ಹಳೇದೇ ಅಂತ ತಿಳ್ಕೊಳ್ಬೇಡಿ ಮತ್ತೆ. ನಾಲ್ಕುನಾಡು ಅರಮನೆ ಗೋಡೆ ಚಿತ್ರ, ರಾಜರ ಸಮಾಧಿ ಗದ್ದಿಗೆ, ಓಂಕಾರೇಶ್ವರ ದೇವಸ್ಥಾನ, ಮಡಿಕೇರಿ ಕೋಟೆಯ ಕಲ್ಲಾನೆ ಇವೆಲ್ಲ ಇದ್ದ ಜಾಗದಲ್ಲೇ ನೋಡ್ಬೇಕಾದ್ದು, ನಿಮ್ಮ ಮ್ಯೂಸಿಯಂ ಅದಕ್ಕೆ ದಾರಿ ತೋರಿಸಿದ್ರೆ ಸಾಕು. ಕೋಟೆಲಿ ಹಳೆ ಚರ್ಚ್ ಕಟ್ಟಡದಲ್ಲಿ ಸರ್ಕಾರಿ ಮ್ಯೂಸಿಯಂ ಉಂಟು, ಜನರಲ್ ತಿಮ್ಮಯ್ಯನವರ ಸನ್ನಿಸೈಡ್ ಮನೆ 2021ರಿಂದ ಮ್ಯೂಸಿಯಂ ಆಗಿದೆ, ಅವರು ಮಾಡೋದನ್ನೇ ನೀವೂ ಮಾಡ್ಬೇಡಿ. ಈಗ ಕೆಲಸ ಮಾಡ್ತಾ ಇರೋರನ್ನ ಹುಡುಕಿ. ಮಡಿಕೇರಿ ದಸರಾದಲ್ಲಿ ಹತ್ತು ದೇವಸ್ಥಾನಗಳಿಂದ ಮೆರವಣಿಗೆಲಿ ಬರೋ ದಶಮಂಟಪಗಳ ಕಲಾಕೃತಿ ನೋಡಿ, ವಿಜಯದಶಮಿ ರಾತ್ರಿ ಆ ಮೂರ್ತಿಗಳ ಕೈಕಾಲು ಕಣ್ಣು ಎಲ್ಲ ಚಲಿಸ್ತಾ ಇರತ್ತೆ, ಬೆಳಗಾದ್ರೆ ಬಿಚ್ಚಿ ಹೋಗತ್ತೆ. ಆ ಸ್ಕೆಚ್ಚು, ವೆಲ್ಡಿಂಗ್ ಮಾಡಿದ ಚೌಕಟ್ಟು, ಮೋಟಾರ್ ಜೋಡಿಸಿದ ರೀತಿ, ಇದನ್ನ ಉಳಿಸೋರು ಯಾರು? ನೀವೇ ಉಳಿಸ್ಬೇಕು. ಕಲಾವಿದರಿಗೆ ಸಂಭಾವನೆ ಕೊಡಿ, ಶಾಲು ಹೊದಿಸಿ ಕಳಿಸ್ಬೇಡಿ. ಚಿತ್ರ ಕೊಂಡ್ಕೊಂಡ್ರೆ ಅದರ ಕಾಪಿರೈಟ್ ನಿಮಗೆ ಬರಲ್ಲ, ಅದು ಕಲಾವಿದರದ್ದು, ಅವರ ನಂತರವೂ 60 ವರ್ಷ ಅವರ ಮನೆಯವರದ್ದು, ಕ್ಯಾಲೆಂಡರ್ ಮಗ್ ಏನೇ ಮಾಡೋ ಮುಂಚೆ ಬರೆದು ಒಪ್ಪಿಗೆ ತಗೊಳ್ಳಿ.

ಬೋರ್ಡ್ ವಿಷಯಕ್ಕೆ ಬಂದ್ರೆ, ಇದು ಸಣ್ಣ ಜಿಲ್ಲೆ, 2011ರ ಜನಗಣತಿಲಿ ಐದೂವರೆ ಲಕ್ಷ ಜನ, ಎಲ್ಲರೂ ಎಲ್ಲರಿಗೂ ಒಂದಲ್ಲ ಒಂದು ಥರ ನೆಂಟರು. ಬೋರ್ಡಲ್ಲಿ ಎಲ್ಲ ಸಮುದಾಯದವರೂ ಇರೋ ಹಾಗೆ ನೋಡ್ಕೊಳ್ಳಿ, ಹಾಡಿಯಿಂದ ಒಬ್ರಾದ್ರೂ ಇರ್ಲೇಬೇಕು, ಅವರಿಗೆ ಬಂದು ಹೋಗೋ ಖರ್ಚು ಮತ್ತೆ ಆ ದಿನದ ಕೂಲಿ ಕೊಡ್ಬೇಕು, ಇಲ್ಲಾಂದ್ರೆ ಹೆಸರಿಗೆ ಮಾತ್ರ ಆಗತ್ತೆ. ಬೋರ್ಡ್ ಏನು ತೀರ್ಮಾನ ಮಾಡತ್ತೆ, ಡೈರೆಕ್ಟರ್ ಏನು ಮಾಡ್ತಾರೆ ಅಂತ ಒಂದು ಪುಟದಲ್ಲಿ ಬರೆದು ಮೊದಲ ಮೀಟಿಂಗಲ್ಲೇ ಪಾಸ್ ಮಾಡಿಸಿ. ಬಜೆಟ್, ನೀತಿ, ಡೈರೆಕ್ಟರ್ ನೇಮಕ ಅವರದ್ದು, ಯಾವ ವಸ್ತು ಯಾವ ಗೋಡೆಗೆ ಅನ್ನೋದು ನಿಮ್ಮದು. "ನಮ್ಮ ತಾತನ ಫೋಟೋ ಯಾಕೆ ಹಾಕಿಲ್ಲ" ಅಂತ ಬಂದೇ ಬರ್ತಾರೆ, ಆಗ ಮುಖ ನೋಡಿ ಉತ್ತರ ಕೊಡೋಕಾಗಲ್ಲ, ಸಂಗ್ರಹ ನೀತಿ ತೋರಿಸಿ ಸಮಾಧಾನವಾಗಿ ಹೇಳ್ಬೇಕು. ಬೋರ್ಡ್ ಸದಸ್ಯರು ಮ್ಯೂಸಿಯಂಗೆ ವಸ್ತು ಮಾರೋ ಹಾಗಿಲ್ಲ, ನೀವೂ ಮ್ಯೂಸಿಯಂ ಸಂಗ್ರಹಿಸೋ ಬಗೆಯ ವಸ್ತು ಸ್ವಂತಕ್ಕೆ ಕೊಳ್ಳೋ ಹಾಗಿಲ್ಲ, ಇದೂ ಅದೇ ಪುಟದಲ್ಲಿರ್ಲಿ.

ದುಡ್ಡು. ಟಿಕೆಟಲ್ಲಿ ಮ್ಯೂಸಿಯಂ ನಡೆಯಲ್ಲ, ರಾಜಾಸೀಟ್ ನೋಡೋಕೆ ಬಂದ ಟೂರಿಸ್ಟ್ ಮಳೆ ಬಂದ್ರೆ ಒಳಗೆ ಬರ್ತಾರೆ, ಅವರಿಂದ ಬರೋದು ಕರೆಂಟ್ ಬಿಲ್ಲಿಗೆ ಆದ್ರೆ ಹೆಚ್ಚು. ಕೇಂದ್ರ ಸಂಸ್ಕೃತಿ ಸಚಿವಾಲಯದ ಮ್ಯೂಸಿಯಂ ಅನುದಾನ ಯೋಜನೆಗೆ ನೋಂದಾಯಿತ ಟ್ರಸ್ಟ್ ಸೊಸೈಟಿಗಳೂ ಅರ್ಜಿ ಹಾಕಬಹುದು. ಕಂಪನಿಗಳ ಸಿಎಸ್‌ಆರ್ (ಸಾಮಾಜಿಕ ಹೊಣೆಗೆ ಖರ್ಚು ಮಾಡೋ ದುಡ್ಡು) ಪಟ್ಟಿಲಿ ಪರಂಪರೆ, ಕಲೆ, ಸಂಸ್ಕೃತಿ ಉಂಟು, ಅದಕ್ಕೆ ಟ್ರಸ್ಟಿಗೂ ದಾನಿಗಳಿಗೂ ಆದಾಯ ತೆರಿಗೆ ರಿಯಾಯಿತಿ ಸಿಗೋ ನೋಂದಣಿ, ಸಿಎಸ್‌ಆರ್-1 ನೋಂದಣಿ ಮೊದಲೇ ಮಾಡಿಸಿಟ್ಕೊಳ್ಳಿ, ಆದ್ರೆ ಅವರು ಶೋಕೇಸಿಗೆ ಕೊಡ್ತಾರೆ, ವಾಚ್‌ಮನ್ ಸಂಬಳಕ್ಕೆ ಕೊಡೋದು ಕಡಿಮೆ. ಸಂಬಳಕ್ಕೆ ಅಂತ ಒಂದು ಮೂಲನಿಧಿ ಕಟ್ಟಿ, ಬಡ್ಡಿ ಮಾತ್ರ ಮುಟ್ಟಿ. ಬೆಳೆಗಾರರ ಹತ್ರ ಕಾಫಿ ಕೊಯ್ಯೋ ಸಮಯದಲ್ಲಿ, ಡಿಸೆಂಬರಿಂದ ಮಾರ್ಚ್ ತನಕ, ಹೋಗ್ಬೇಡಿ, ಕೈಲಿ ಸಮಯವೂ ಇರಲ್ಲ ದುಡ್ಡೂ ಬಂದಿರಲ್ಲ. ಹೊರದೇಶದಲ್ಲಿರೋ ನಮ್ಮವರು ಕೊಡೋದಾದ್ರೆ ಪಾಸ್‌ಪೋರ್ಟ್ ಕೇಳಿ, ಭಾರತದ ಪಾಸ್‌ಪೋರ್ಟ್ ಇರೋ ಎನ್‌ಆರ್‌ಐ ದುಡ್ಡು ವಿದೇಶಿ ದೇಣಿಗೆ ಅಲ್ಲ, ಆ ದೇಶದ ಪೌರತ್ವ ತಗೊಂಡಿದ್ರೆ, ಓಸಿಐ ಕಾರ್ಡ್ ಇದ್ರೂ, ಅದು ವಿದೇಶಿ ದೇಣಿಗೆ, ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ಕಾಯ್ದೆ) ಅನುಮತಿ ಇಲ್ಲದೆ ಒಂದು ರೂಪಾಯಿನೂ ತಗೊಳ್ಳೋ ಹಾಗಿಲ್ಲ.

ಜನ ಮ್ಯೂಸಿಯಂಗೆ ಬರ್ಲಿ ಅಂತ ಕಾಯ್ಬೇಡಿ, ಜನ ಸೇರೋ ಕಡೆ ನೀವೇ ಹೋಗಿ. 1997ರಲ್ಲಿ ಶುರುವಾದ ಕೊಡವ ಕುಟುಂಬಗಳ ಹಾಕಿ ಹಬ್ಬಕ್ಕೆ ಬೇಸಿಗೆಲಿ ಇಡೀ ಜಿಲ್ಲೆ ಬರತ್ತೆ, ಅಲ್ಲಿ ಒಂದು ಟೇಬಲ್, ಒಂದು ಸ್ಕ್ಯಾನರ್, ಒಂದು ಬೋರ್ಡ್: ನಿಮ್ಮ ಮನೆ ಹಳೆ ಫೋಟೋ ತನ್ನಿ, ಸ್ಕ್ಯಾನ್ ಮಾಡಿ ಅಲ್ಲೇ ವಾಪಸ್ ಕೊಡ್ತೀವಿ. ಫೋಟೋದಲ್ಲಿ ಯಾರ್ಯಾರು ಅಂತ ಅವರ ಬಾಯಲ್ಲೇ ರೆಕಾರ್ಡ್ ಮಾಡಿ. ಕಣ್ಣೆದುರೇ ವಾಪಸ್ ಸಿಕ್ಕಿದವರಿಗೆ ನಿಮ್ಮ ಮೇಲೆ ನಂಬಿಕೆ ಹುಟ್ಟತ್ತೆ, ಪೆಟ್ಟಿಗೆಲಿ ಇರೋ ಚೇಲೆ ವಿಷಯ ಆಮೇಲೆ ತಾವಾಗೇ ಹೇಳ್ತಾರೆ. ಎಸ್ಟೇಟ್ ಕೂಲಿಯವರ ಲೈನ್ ಮನೆ ಮಕ್ಕಳಿಗೆ ಸಂತೆ ದಿನ ಫ್ರೀ ಮಾಡಿ, ಅವರ ಅಪ್ಪ ಅಮ್ಮ ಪೇಟೆಗೆ ಬರೋದು ಅವತ್ತೇ.

ಸ್ಟಾಫ್ ಕಡಿಮೆ ಇದ್ರೂ ಪರವಾಗಿಲ್ಲ, ವಾಚ್‌ಮನ್‌ಗೂ ಕಸ ಗುಡಿಸೋ ಅಕ್ಕನಿಗೂ ಬೂಷ್ಟು ಹೇಗಿರತ್ತೆ, ಗೆದ್ದಲು ದಾರಿ ಹೇಗಿರತ್ತೆ ಅಂತ ತೋರಿಸಿ ಕೊಡಿ, ಮೊದಲು ಕಾಣೋದು ಅವರಿಗೇ. ಮೈಸೂರಿನ ಕಲಾ ಕಾಲೇಜು ಕಾವಾದಲ್ಲಿ ಓದಿದ ಇಲ್ಲಿನ ಹುಡುಗ ಹುಡುಗೀರು ಸಿಕ್ರೆ ಬಿಡ್ಬೇಡಿ.

2018ರ ಆಗಸ್ಟ್ ಭೂಕುಸಿತ ಯಾರೂ ಮರೆತಿಲ್ಲ, 2019ರಲ್ಲೂ ಆಯ್ತು, 2020ರಲ್ಲಿ ತಲಕಾವೇರಿಲೂ ಆಯ್ತು. ಮನೆ ಹೋದವರ ಜೊತೆ ಆಲ್ಬಮ್ಮು ಪತ್ರ ಒಡವೆ ಎಲ್ಲ ಮಣ್ಣಿಗೆ ಹೋಯ್ತು. ಹಾಗಾಗಿ ಗುಡ್ಡದ ಕಡೆ ಗೋಡೆ ಹಿಂದಿನ ನೀರು ಎಲ್ಲಿಗೆ ಹೋಗತ್ತೆ ಅಂತ ಎಂಜಿನಿಯರ್ ಕರೆಸಿ ಪ್ರತಿ ಮೇ ತಿಂಗಳು ನೋಡಿಸಿ, ಬೇಸ್‌ಮೆಂಟಲ್ಲಿ ಏನೂ ಇಡ್ಬೇಡಿ. ಅಪಾಯ ಬಂದ್ರೆ ಮೊದಲು ಹೊರಗೆ ತರೋ ವಸ್ತುಗಳ ಪಟ್ಟಿ ಮಾಡಿ, ಯಾವುದು ಎಲ್ಲಿದೆ, ಎಷ್ಟು ಜನ ಎತ್ಬೇಕು, ಯಾವ ಪೆಟ್ಟಿಗೆ, ಬೀಗದ ಕೈ ಯಾರ ಹತ್ರ, ಅದರಲ್ಲಿ ಸಾಲಕ್ಕೆ ತಂದ ವಸ್ತು ಮೇಲಿರ್ಲಿ, ನಿಮ್ಮ ಸ್ವಂತದ್ದು ಆಮೇಲೆ. ಜನರ ಪ್ರಾಣಕ್ಕೆ ಅಪಾಯ ಇದ್ರೆ ಆ ಪಟ್ಟಿ ಅಲ್ಲೇ ಬಿಟ್ಟು ಎಲ್ಲರೂ ಹೊರಗೆ. ರಿಜಿಸ್ಟರಿನ ಸ್ಕ್ಯಾನ್ ಕಾಪಿ ಒಂದು ಮೈಸೂರಲ್ಲೋ ಬೆಂಗಳೂರಲ್ಲೋ ಇರ್ಲಿ.

ನೀವು ಬಿಟ್ಟು ಹೋಗೋ ದಿನಕ್ಕೂ ಫೈಲ್ ಒಂದು ಈಗಲೇ ಶುರು ಮಾಡಿ: ಯಾವ ಒಕ್ಕದ ಸಾಲ ಯಾವ ತಿಂಗಳು ಮುಗಿಯತ್ತೆ, ಯಾರಿಗೆ ಏನು ಬಾಯಿಮಾತಲ್ಲಿ ಒಪ್ಕೊಂಡಿದೀರ, ಯಾವ ಮನೆಲಿ ಯಾರ ಹತ್ರ ಮೊದಲು ಮಾತಾಡ್ಬೇಕು, ಇಮೇಲ್ ಪಾಸ್‌ವರ್ಡ್ ಯಾವುದು. ಹೊಸಬರು ಬಂದ ಮೇಲೆ ಸಾಲ ಕೊಟ್ಟ ಒಂದೊಂದು ಮನೆಗೂ ಅವರನ್ನ ಜೊತೆಲಿ ಕರ್ಕೊಂಡು ಹೋಗಿ ಪರಿಚಯ ಮಾಡಿಸಿ, ಕಾಗದದ ಒಂದು ಕಾಪಿ ಮನೆಯವರ ಹತ್ರ ಇದೆಯಾ ಅಂತ ಅವತ್ತೇ ನೋಡಿ, ಇಲ್ಲದಿದ್ರೆ ಅಲ್ಲೇ ಕೊಟ್ಟು ಬನ್ನಿ.